ದ್ವೀಪಕ್ಕೆ ಹೋದವಳ ಪಾಲಿನ ರೊಟ್ಟಿ

ಇದು ಆಗದ ಮಾತು ಎಂದು ಮೊದಲು ಹೇಳಿದವಳು ನಮ್ಮ ಬೀರವ್ವ ಅತ್ತಿ. ಅಪ್ಪನ ಅಕ್ಕ. ಸಾರವಾಡದ ನಮ್ಮ ಮನೆಯಲ್ಲಿ ಅವಳು ಆಗುವುದಿಲ್ಲ ಎಂದರೆ ಬರಬೇಕೆಂದಿದ್ದ ಮಳೆಯೂ ಒಂದು ಗಳಿಗೆ ಯೋಚನೆ ಮಾಡುತ್ತದೆ ಎಂದು ಅಪ್ಪ ಚೇಷ್ಟೆ ಮಾಡುತ್ತಾನೆ. ಅಟ್ಲಾಂಟಿಕ್ ಸಮುದ್ರದ ನಡುವೆ ಬೆಂಕಿಪರ್ವತಗಳಿಂದ ಹುಟ್ಟಿದ ದ್ವೀಪಗಳಿವೆ, ಅಲ್ಲಿಗೆ ಹೋಗುತ್ತೇನೆ ಎಂದು ನಾನು ಹೇಳಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಲ್ಲಲಿಲ್ಲ.

"ಡೋಣಿ ಹೊಳಿ ದಾಟೂಮುಂದ ಬಸ್ಸಿನಾಗ ಕಣ್ಣ ಮುಚ್ಚಿ ಕುಂದ್ರಾಕಿ ನೀ. ಸಮುದ್ರ ದಾಟ್ತಿ? ಆಗದ ಮಾತದು, ಬಿಡು."

ಇದು ಬಹಳ ಹಳೆಯ ಮಾತೇನಲ್ಲ. ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಹಿಮ್ಮಡಿ ತಿಕ್ಕುವ ಕಲ್ಲು ಕೈಜಾರಿ ಬಿದ್ದು ಎರಡು ಹೋಳಾಯಿತು. ಅದರಿಂದ ಎಲ್ಲ ನೆನಪಾಯಿತು. ನಿಮ್ಮ ಮನೆಯಲ್ಲೂ ಇದ್ದೀತು ಇಂಥದೊಂದು ಕರಿಯ, ತೂತುತೂತಿನ ಕಲ್ಲು. ನಾನು ಕೊಂಡದ್ದು ಸಿದ್ಧೇಶ್ವರ ಗುಡಿಯ ಹತ್ತಿರ, ಬಾಚಣಿಕೆ, ಪಿನ್ನು, ಕುಂಕುಮ ಹರಡಿಕೊಂಡು ಕೂರುವ ಒಬ್ಬಾಕೆಯ ಹತ್ತಿರ. ಆ ತೂತುಗಳು ಹೇಗೆ ಬಂದವು ಎಂದು ನಾನು ಕಾಲೇಜಿನ ಹುಡುಗರಿಗೆ ಪ್ರತಿ ವರ್ಷ ಹೇಳುತ್ತೇನೆ. ಕಲ್ಲು ಒಂದು ಕಾಲಕ್ಕೆ ಕುದಿಯುವ ರಸವಾಗಿತ್ತು, ಆರುವಾಗ ಒಳಗಿನ ಗಾಳಿ ಹೊರಗೆ ಹೋದ ದಾರಿಗಳೇ ಈ ತೂತುಗಳು. ಹುಡುಗರು ಬರೆದುಕೊಳ್ಳುತ್ತಾರೆ. ಬಚ್ಚಲದ ಕಲ್ಲನ್ನು ಕ್ಲಾಸಿಗೆ ತರುವ ಮೇಡಂ ಎಂದು ಹಿಂದಿನಿಂದ ನಗುತ್ತಾರೆ. ನಗಲಿ. ನಾನೂ ನಗುವಂಥದ್ದೇ ಮಾಡಿದ್ದೇನೆ. ಇಡೀ ಪರ್ವತವೇ ಇಂಥ ಕಲ್ಲಿನಿಂದಾದ ಊರಿಗೆ ಹೋಗಿ ನಿಂತಾಗ ಓದಿದ ಪುಸ್ತಕ ಯಾವುದೂ ನೆನಪಾಗಲಿಲ್ಲ. ಬಬಲೇಶ್ವರ ತಾಲೂಕಿನ ಹೆಣ್ಣುಮಕ್ಕಳೆಲ್ಲ ಮೊಮ್ಮಕ್ಕಳ ಕಾಲದವರೆಗೂ ಹಿಮ್ಮಡಿ ತಿಕ್ಕಬಹುದಲ್ಲ ಎಂದಷ್ಟೇ ಹೊಳೆಯಿತು. ಅತ್ತಿಯ ಹಿಮ್ಮಡಿಗಂತೂ ಒಂದು ಗುಡ್ಡ ಬೇಕು. ಬೇಸಿಗೆಯಲ್ಲಿ ಕರಿಮಣ್ಣಿನ ಎರಿಹೊಲ ಬಿರಿದಂತೆ ಬಿರಿದಿವೆ ಅವು.

ನಮ್ಮದು ಕುರಿ ಕಾಯುವ ಮನೆ. ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಊರೂರು ತಿರುಗುವುದು, ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರಬುವುದು ಅಂದರೆ ಕೂಡಿಹಾಕುವುದು, ಮಳೆ ಹತ್ತಿರ ಬಂದಾಗ ತಿರುಗಿ ಸಾರವಾಡ. ಹೀಗಾಗಿ ನನ್ನ ಶಾಲೆಯೂ ಕುರಿಯ ಹಿಂದೆಯೇ ನಡೆಯಿತು. ಟಿಕೋಟಾದಲ್ಲಿ ಕೂತಾಗ ಮಾಸ್ತರರು ಏಳರ ಮಗ್ಗಿಯವರೆಗೆ ಬಂದಿದ್ದರು. ಬಬಲೇಶ್ವರಕ್ಕೆ ಬಂದಾಗ ಅಲ್ಲಿಯವರು ಹನ್ನೆರಡು ದಾಟಿದ್ದರು. ನಡುವಿನ ಮಗ್ಗಿಗಳು ಯಾವ ಹೊಲದ ಬದುವಿನಲ್ಲಿ ಉಳಿದವೋ ಗೊತ್ತಿಲ್ಲ. ಇವತ್ತಿಗೂ ಎಂಟೊಂಬತ್ತಲ ಎಂದರೆ ನಾನು ಕಿಟಕಿಯ ಕಡೆ ನೋಡುತ್ತೇನೆ. ಕಾಲೇಜಿಗೆ ಬಂದಾಗ ನನ್ನ ಚೀಲದಿಂದ ಉಣ್ಣೆಯ ವಾಸನೆ ಬರುತ್ತದೆ ಎಂದು ಪಕ್ಕದವಳು ಬೆಂಚು ಬದಲಿಸಿದಳು. ನಾನು ಬದಲಿಸಲಿಲ್ಲ. ಅದೇ ಬೆಂಚಿನ ಮೇಲೆ ಕೂತು ಪದವಿ ಮುಗಿಸಿದೆ. ನಮ್ಮ ಮನೆತನದಲ್ಲಿ ಪದವಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳುವಾಗ ನನ್ನ ದನಿ ಒಂದಿಷ್ಟು ಏರುತ್ತದೆ, ನೀವು ಸಹಿಸಿಕೊಳ್ಳಬೇಕು.

ಆದರೆ ಒಂದನ್ನು ಮಾತ್ರ ಆ ಬೆಂಚಿನ ಹತ್ತಿರ ತರಲಿಲ್ಲ. ಕುರಿ ಕರೆಯುವ ಕೂಗು. ನಾಭಿಯಿಂದ ಎದ್ದು ಗಂಟಲಲ್ಲಿ ಹೊರಳಿ ಹೊರಬರುವ ಕೂಗು ಅದು. ಊರಾಚೆಯ ಗಾಯರಾಣಿನಲ್ಲಿ, ದನ ಕುರಿ ಮೇಯುವ ಬಯಲಿನಲ್ಲಿ, ನಾನು ಕೂಗಿದರೆ ಮಂದೆ ತಲೆಯೆತ್ತುತ್ತಿತ್ತು. ವಿಜಯಪುರದಲ್ಲಿ ಮನೆ ಮಾಡಿದ ಮೇಲೆ ನನಗೆ ಅದು ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಇನ್ನು ನೀರಿನ ಮಾತು. ಅತ್ತಿಯ ಗಂಡ, ನನ್ನ ಮಾವ, ಕುರಿಯೊಂದಿಗೆ ಡೋಣಿ ದಾಟುವಾಗ ಮೇಲಿನಿಂದ ನೀರು ಬಂತು. ಕುರಿ ದಂಡೆ ಸೇರಿದವು. ಮಾವ ಸೇರಲಿಲ್ಲ. ನಾನು ಹುಟ್ಟುವುದಕ್ಕೆ ಮೊದಲಿನ ಮಾತು ಇದು. ಅತ್ತಿ ತವರಿಗೆ ಬಂದು ಅಪ್ಪನ ಸಂಸಾರದಲ್ಲಿ ಒಬ್ಬಳಾದಳು. ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಯಾರಾದರೂ ಕುರಿಯ ಹಿಂದೆ ಹೋದರೆ ದಿನಾ ಸಂಜೆ ಅವರ ಪಾಲಿನ ಒಂದು ರೊಟ್ಟಿ ಬುಟ್ಟಿಯಲ್ಲಿ ಎತ್ತಿಡುವುದು. ಬಂದರೆ ಅವರಿಗೆ, ಬರದಿದ್ದರೆ ಮುಂಜಾನೆ ನಾಯಿಗೆ. ಮಾವನ ಪಾಲಿನ ರೊಟ್ಟಿಯನ್ನು ಅತ್ತಿ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಎತ್ತಿಟ್ಟಳಂತೆ. ಕೊನೆಗೆ ನಮ್ಮ ಅಜ್ಜಿ ಬುಟ್ಟಿಯನ್ನು ಅವಳ ಕೈಯಿಂದ ಇಸಿದುಕೊಂಡಳಂತೆ.

ಆ ಮನೆಯವಳು ನಾನು. ಈಜು ಕಲಿಸಲಿಲ್ಲ. ಬಾವಿಗೆ ಇಣುಕಿದರೆ ಬೆನ್ನಿಗೆ ಏಟು. ಅದೇ ನಾನು ಭೂಗೋಳ ಕಲಿಸುವವಳಾಗಿ, ಆ ದ್ವೀಪಗಳ ಬೇಸಿಗೆ ಶಿಬಿರಕ್ಕೆ ಅರ್ಜಿ ಹಾಕಿ, ಬನ್ನಿ ಎಂದು ಅವರು ಕರೆದಾಗ ಎದೆ ಹೊಡೆದುಕೊಂಡದ್ದು ಸಂತೋಷಕ್ಕಲ್ಲ. ಅಝೋರ್ಸ್ ಎಂದು ಆ ದ್ವೀಪಗಳ ಹೆಸರು, ಪೋರ್ಚುಗಲ್ ದೇಶದವು. ಒಂಬತ್ತರಲ್ಲಿ ಮೂರು ದ್ವೀಪ ತಿರುಗಬೇಕು, ಒಂದು ಪರ್ವತ ಹತ್ತಬೇಕು, ಮುಗಿಸಿದವರಿಗೆ ಪ್ರಮಾಣಪತ್ರ. ನಾನು ಅದನ್ನು ಓದಿದ್ದು ಹೀಗೆ: ಮೂರು ಕಡೆ ಮುಳುಗಬಹುದು, ಒಂದು ಕಡೆ ಬೀಳಬಹುದು.

ಅತ್ತಿಯನ್ನು ಒಪ್ಪಿಸಲು ವಿದ್ಯೆ ಬಳಸಿ ನೋಡಿದೆ. ನಮ್ಮ ಎರಿಮಣ್ಣು, ವಿಜಯಪುರದ ಗುಮ್ಮಟ ಕಟ್ಟಿದ ಕಲ್ಲು, ಎಲ್ಲವೂ ಒಂದು ಕಾಲಕ್ಕೆ ಹೀಗೆ ಹರಿದ ಬೆಂಕಿಯೇ, ಅದು ಹೇಗಿರುತ್ತದೆ ಎಂದು ನೋಡಿಬರುತ್ತೇನೆ ಎಂದೆ.

"ಹಂಗಾದ್ರ ನಾವೆಲ್ಲಾ ಒಲಿ ಮ್ಯಾಲ ಕುಂತೇವೇನು?"

"ಆರಿದ ಒಲಿ, ಅತ್ತಿ."

"ಮನ್ಯಾಗ ಆರಿದ ಒಲಿ ಇರೂಮುಂದ ಉರಿಯೂ ಒಲಿ ಹುಡುಕ್ಕೊಂಡ ಯಾಕ ಹೋಗ್ತಿ ಬೇ?"

ಅಪ್ಪ ನಕ್ಕ. ಆದರೆ ನನ್ನನ್ನು ಹೊರಗೆ ಕರೆದು, ಅವಳ ಬಾಯಿಂದ ಹೂಂ ಅನ್ನಿಸಿಕೊಂಡೇ ಹೋಗು ಎಂದ.

ಅತ್ತಿ ಹೂಂ ಎನ್ನಲಿಲ್ಲ. ಹೊರಡುವ ದಿನ ಬೀರಪ್ಪನ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಒಂದು ಅರಿವೆಯಲ್ಲಿ ಕಟ್ಟಿ ಕೊಟ್ಟಳು. ನೀರು ದಾಟುವ ಮೊದಲು ಗಂಗವ್ವನಿಗೆ ಒಂದು ಚಿಟಿಕೆ ಹಾಕು ಎಂದಳು. ನಾನು ಕಾಲು ಮುಟ್ಟಿ ನಿಂತೆ. ಊರಿಗೆ ಹೊರಟವರಿಗೆ ನಾವು ಹೋಗು ಅನ್ನುವುದಿಲ್ಲ, ಹೋಗಿ ಬಾ ಅನ್ನುತ್ತೇವೆ. ಆ ಎರಡು ಮಾತಿಗಾಗಿ ಕಾದೆ. ಅವಳು "ಮೋತ್ಯಾ ಎತ್ತಾಗ ಹೋತು" ಎಂದು ನಾಯಿಯನ್ನು ಹುಡುಕುತ್ತ ಹಿತ್ತಲಿಗೆ ಹೋದಳು. ನಾಯಿ ನನ್ನ ಕಾಲ ಹತ್ತಿರವೇ ಇತ್ತು.

ವಿಜಯಪುರಕ್ಕೆ ಬಂದು, ಸೊಲ್ಲಾಪುರ ರಸ್ತೆಯ ಟೈರಿನ ಅಂಗಡಿಗಳ ಮುಂದೆ ಮುಂಬೈ ಬಸ್ಸಿಗೆ ಕಾಯುವಾಗ ಅಪ್ಪ ಹೇಳಿದ. ಮಾವ ಹೋದ ದಿನ ಅವಳು ಹೋಗಿ ಬಾ ಅಂದಿದ್ದಳಂತೆ. ಅಂದಿನಿಂದ ಯಾರಿಗೂ ಅಂದಿಲ್ಲವಂತೆ. ಇಷ್ಟು ವರ್ಷ ಅದೇ ಮನೆಯಲ್ಲಿದ್ದು ನಾನು ಅದನ್ನು ಗಮನಿಸಿರಲಿಲ್ಲ. ನಾನು ಸರಿಯಾಗಿ ತಿರುಗಿ ಬರಬೇಕು. ಬರದಿದ್ದರೆ ಆ ಮುದುಕಿ ಮತ್ತೆ ಬುಟ್ಟಿ ಹಿಡಿದು ಕೂರುತ್ತಾಳೆ, ಈ ಸಲ ಇಸಿದುಕೊಳ್ಳಲು ಅಜ್ಜಿಯೂ ಇಲ್ಲ. ಈ ಭಾರ ಹೊತ್ತೇ ಬಸ್ಸು ಹತ್ತಿದೆ. ಚೀಲದಲ್ಲಿ ಕಡಕ್ ರೊಟ್ಟಿಯ ಭಾರ ಬೇರೆ.

ವಿಮಾನದ ಸುದ್ದಿ ಹೇಳುವುದಿಲ್ಲ. ಕಣ್ಣು ಮುಚ್ಚಿದ್ದೆ, ನೋಡಿದ್ದರೆ ತಾನೆ ಹೇಳಲು. ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಹಳದಿ ಪುಡಿಯ ಗಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಾಗ ಮಾತ್ರ ನನ್ನ ಇಂಗ್ಲಿಷ್ ಪೂರ್ತಿ ಒಣಗಿಹೋಯಿತು. ಅವನು ಮೂಸಿದ, ಜೋರಾಗಿ ಸೀನಿದ, ಮುಂದೆ ಹೋಗು ಎಂದು ಕೈಸನ್ನೆ ಮಾಡಿದ. ಬೀರಪ್ಪ ಅಲ್ಲಿಯೂ ಇದ್ದ.

ಮೊದಲ ದ್ವೀಪ ಸಾವೊ ಮಿಗೆಲ್. ಹಸಿರೆಂದರೆ ಹಸಿರು, ನಡುನಡುವೆ ನೆಲದಿಂದ ಹೊಗೆ. ಅಲ್ಲಿಯವರು ಪಾತ್ರೆಯಲ್ಲಿ ಮಾಂಸ, ಎಲೆಕೋಸು, ಬಟಾಟೆ ತುಂಬಿ ಬಿಸಿನೆಲದ ಗುಂಡಿಯಲ್ಲಿ ಹೂತು ಬೇಯಿಸುತ್ತಾರೆ. ಅತ್ತಿ ಹೇಳಿದ ಉರಿಯುವ ಒಲೆ ಇದೇ. ಚಪ್ಪಲಿಯ ಕೆಳಗಿನಿಂದ ಬಿಸಿ ಹತ್ತಿದಂತಾಗಿ ನಾನು ಕೋಳಿಯಂತೆ ಕಾಲೆತ್ತಿ ಕಾಲಿಡುತ್ತಿದ್ದೆ. ನಾವು ನೆಲವನ್ನು ನಂಬಿದ ಮಂದಿ. ಮಳೆ ಕೈಕೊಟ್ಟಿದೆ, ನದಿ ಕೈಕೊಟ್ಟಿದೆ, ನೆಲ ಕೈಕೊಡುತ್ತದೆ ಎಂದು ಎಂದೂ ಅಂದುಕೊಂಡಿರಲಿಲ್ಲ. ನಮ್ಮ ಮಾರ್ಗದರ್ಶಿ ಮರಿಯಾ, ಅತ್ತಿಗಿಂತ ಸ್ವಲ್ಪ ಚಿಕ್ಕವಳು, ಗಟ್ಟಿಮುಟ್ಟಾದ ಹೆಂಗಸು. ನಾನು ಆ ಪಾತ್ರೆಯ ಊಟ ಮುಟ್ಟದೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಾಗ ಪಕ್ಕದಲ್ಲಿ ಬಂದು ಕೂತಳು. ಒಂದು ತುಂಡು ಕಟಕ್ ಎಂದು ಮುರಿದು ತಿಂದು, ಇದನ್ನು ಎಷ್ಟು ಹೊತ್ತು ಹೂತಿಟ್ಟಿದ್ದಿರಿ ಎಂದು ಕೇಳಿದಳು.

ಎರಡನೆಯದು ಫಾಯಲ್. ಅಲ್ಲಿಗೂ ವಿಮಾನವೇ, ನನ್ನ ಕಣ್ಣೂ ಮೊದಲಿನಂತೆಯೇ. ಅಲ್ಲಿ ಸಮುದ್ರದೊಳಗಿನಿಂದ ಬೆಂಕಿ ಎದ್ದು ಬೂದಿ ಸುರಿದು ಊರಿನ ಅಂಚು ಮುಚ್ಚಿಹೋಗಿದೆ. ಹಡಗಿಗೆ ದಾರಿ ತೋರಿಸುತ್ತಿದ್ದ ದೀಪದ ಗೋಪುರ ಬೂದಿಯಲ್ಲಿ ಅರ್ಧ ಹೂತು ನಿಂತಿದೆ. ಹೊಲ, ಮನೆ ಹೋದವರು ಸಮುದ್ರ ದಾಟಿ ಅಮೆರಿಕಕ್ಕೆ ಹೋದರು ಎಂದಳು ಮರಿಯಾ. ಅವಳ ಅಜ್ಜಿಯ ತಂಗಿಯೂ ಹೋದವರಲ್ಲಿ ಒಬ್ಬಳು. ಹೋದವರು ತಿರುಗಿ ಬಂದರಾ ಎಂದು ಕೇಳಿದೆ. ಕೆಲವರು, ಎಂದಳು.

ಮನೆಗೆ ಫೋನು ಮಾಡಿದರೆ ಅತ್ತಿ ಹತ್ತಿರ ಬರುತ್ತಿರಲಿಲ್ಲ. ಅಪ್ಪ ಮೋತ್ಯಾನನ್ನು ತೋರಿಸುತ್ತಿದ್ದ. ನಾಯಿ ದಿನದಿಂದ ದಿನಕ್ಕೆ ದಪ್ಪವಾಗುತ್ತಿತ್ತು. ಅಲ್ಲಿಂದ ಅತ್ತಿ ನನಗೆ ಕಳಿಸಿದ ಸುದ್ದಿ ಅದೊಂದೇ.

ಮೂರನೆಯದು ಪೀಕೊ. ಫಾಯಲ್‌ನಿಂದ ಅಲ್ಲಿಗೆ ವಿಮಾನವಿಲ್ಲ, ಎದುರುಬದುರು ದ್ವೀಪಗಳ ನಡುವೆ ಹಡಗು. ಸಿಂದಗಿಗೆ ಬಸ್ಸು ಹತ್ತುವಂತೆ ಮಂದಿ ತರಕಾರಿ ಚೀಲ ಹಿಡಿದು ಹತ್ತುತ್ತಿದ್ದರು. ನನ್ನ ಕಾಲು ಕಟ್ಟೆ ಬಿಟ್ಟು ಏಳಲಿಲ್ಲ. ಮರಿಯಾ ತೋಳು ಹಿಡಿದು ಹತ್ತಿಸಿದಳು. ಹಡಗು ಅಲುಗಿದಾಗ ಅತ್ತಿಯ ಮಾತು ನೆನಪಾಯಿತು. ಎದ್ದು ಅಂಚಿಗೆ ಹೋಗಿ, ಗಂಟು ಬಿಚ್ಚಿ, ಚಿಟಿಕೆ ಹಿಡಿಯಬೇಕೆಂದರೆ ಅವಸರಕ್ಕೆ ಮುಷ್ಟಿಯೇ ಬಂತು. ನಮ್ಮಲ್ಲಿ ಭಂಡಾರವನ್ನು ಮೇಲಕ್ಕೆ ತೂರುವುದು ರೂಢಿ. ನಾನೂ ತೂರಿದೆ.

ಸಮುದ್ರದ ಗಾಳಿಗೆ ನಮ್ಮ ರೂಢಿ ಗೊತ್ತಿರಲಿಲ್ಲ. ಗಂಗವ್ವನಿಗೆ ಒಂದು ಕಣವೂ ಮುಟ್ಟಲಿಲ್ಲ. ಹಿಂದೆ ಬಿಳಿ ಅಂಗಿ ತೊಟ್ಟು ಕೂತಿದ್ದ ಹಿರಿಯರು, ಅವರ ಹೆಂಡತಿ, ಅವರ ತೊಡೆಯ ಮೇಲಿದ್ದ ಬ್ರೆಡ್ಡು, ಎಲ್ಲ ಹಳದಿ. ನನ್ನ ಮುಖವೂ. ಹಿರಿಯರು ಅಂಗಿ ನೋಡಿಕೊಂಡು ನನ್ನನ್ನು ನೋಡಿದರು. ಕೈ ಮುಗಿದೆ, ಮತ್ತೇನು ಮಾಡಲಿ. ಮರಿಯಾ ನಡುವೆ ಬಂದು ಅವರ ಭಾಷೆಯಲ್ಲಿ ಏನೋ ಹೇಳಿದಳು. ಹಿರಿಯರು ಎದ್ದು ಟೋಪಿ ತೆಗೆದು ನನಗೆ ತಲೆಬಾಗಿದರು. ಏನು ಹೇಳಿದೆ ಎಂದು ಅವಳನ್ನು ಕೇಳಿದರೆ, ಇವಳ ಮನೆಯಲ್ಲಿ ಕಾಯುತ್ತಿರುವವರು ಕೊಟ್ಟದ್ದು ಎಂದೆ, ಅಷ್ಟೆ, ಎಂದಳು. ಆ ದ್ವೀಪದವರಿಗೆ ಅಷ್ಟು ಹೇಳಿದರೆ ಸಾಕಂತೆ. ಈ ಗಲಾಟೆಯಲ್ಲಿ ಪೀಕೊ ಬಂದೇಬಿಟ್ಟಿತ್ತು. ನೀರು ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ.

ಪೀಕೊದಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಟಿಕೋಟಾದ ಕಡೆಯ ತಂತಿಯ ಮೇಲೆ ಹಬ್ಬಿದ ಸಾಲುಸಾಲು ತೋಟ ನೋಡಿದ ಕಣ್ಣಿಗೆ ಅದು ತೋಟವೆಂದೇ ತಿಳಿಯಲಿಲ್ಲ. ಮಣ್ಣೇ ಇಲ್ಲ. ಕರಿಕಲ್ಲಿನ ಬಿರುಕಿನಲ್ಲಿ ಬಳ್ಳಿ ಊರಿ, ಒಂದೆರಡು ಬಳ್ಳಿಗೊಂದರಂತೆ ಸುತ್ತ ಕಲ್ಲಿನ ಗೋಡೆ ಕಟ್ಟಿದ್ದಾರೆ. ಕುರಿಮರಿ ಕೂಡಿಹಾಕುವ ದಡ್ಡಿಯಂತೆ. ಉಪ್ಪುಗಾಳಿ ತಾಗದಿರಲಿ ಎಂದು. ಟಿಕೋಟಾದ ಒಣದ್ರಾಕ್ಷಿ ಒಂದು ಹಿಡಿ ಮರಿಯಾಳ ಕೈಗೆ ಹಾಕಿದೆ. ಒಂದೊಂದೇ ತಿಂದು, ನಿಮ್ಮ ಬಳ್ಳಿಗೆ ಭಯ ಗೊತ್ತಿಲ್ಲ, ಎಷ್ಟು ಸಿಹಿ, ಎಂದಳು.

ಭಯ ನನಗೆ ಗೊತ್ತಿತ್ತು. ಮಾರನೆಯ ದಿನ ಪರ್ವತ. ತೂತುತೂತಿನ ಕಲ್ಲಿನ ಮೇಲೆ ಕೈಯೂರಿ ಹತ್ತುವುದು. ಅಲ್ಲಲ್ಲಿ ಗುರುತಿನ ಕಂಬ ನೆಟ್ಟಿದ್ದಾರೆ, ಅದನ್ನು ಬಿಟ್ಟು ಹೋಗಬಾರದು. ಶಿಬಿರದ ಉಳಿದವರೆಲ್ಲ ಮರಿಯಾಳ ಬೆನ್ನಿಗೇ ಇರಲು ಹವಣಿಸಿದರೆ ನಾನು ಕೊನೆಗೆ ಉಳಿದೆ. ದಣಿದು ಅಲ್ಲ. ಮಂದೆಯ ಹಿಂದೆ ನಡೆಯುವುದು ನಮ್ಮ ಕಾಲಿಗೆ ಕೂತ ಅಭ್ಯಾಸ. ಮುಂದೆ ನಡೆದರೆ ಹಿಂದಿನದು ತಪ್ಪಿಸಿಕೊಳ್ಳುತ್ತದೆ. ಆದರೆ ಹಿಂದೆ ನಡೆಯುವವನೇ ತಪ್ಪಿಸಿಕೊಂಡರೆ ಯಾರಿಗೆ ಗೊತ್ತಾಗಬೇಕು? ಇದು ನಮ್ಮ ಹಿರಿಯರು ಯೋಚಿಸದ ಮಾತು.

ತುದಿ ಮುಟ್ಟಿದೆವು. ತುದಿಯಲ್ಲಿ ಏನು ಕಂಡಿತು ಎನ್ನುತ್ತೀರಿ. ಸುತ್ತಲೂ ಸಮುದ್ರ ಕಂಡಿತು, ನಾನು ತಟ್ಟನೆ ಕೆಳಗೆ ಕೂತೆ. ಇಳಿಯುವಾಗ, ಬುಡ ಹತ್ತಿರವಾದಾಗ ಮಂಜು ಬಂತು. ಬಂತು ಎಂದರೆ ನಡೆದು ಬರಲಿಲ್ಲ, ಯಾರೋ ಮೇಲಿನಿಂದ ಕಂಬಳಿ ಹೊದಿಸಿದಂತೆ ಬಿತ್ತು. ಶೂ ದಾರ ಬಿಗಿಯಲು ಬಗ್ಗಿದವಳು ಎದ್ದು ನೋಡಿದರೆ ಯಾರೂ ಇಲ್ಲ. ಮುಂದಿನ ಕಂಬ ಇಲ್ಲ, ಹಿಂದಿನದೂ ಇಲ್ಲ. ಮಾತು ಕೇಳುತ್ತಿದೆ ಎಂದುಕೊಂಡು ನಾಲ್ಕು ಹೆಜ್ಜೆ ಇಟ್ಟರೆ ಅದು ಗಾಳಿ.

ಆಗ ಎಲ್ಲಿಂದಲೋ ಗಂಟೆಯ ಸದ್ದು. ದನದ ಕೊರಳ ಗಂಟೆ. ಪರ್ವತದ ಬುಡದಲ್ಲಿ ಅವರ ದನ ಮೇಯುತ್ತವೆ. ನಿಂತಲ್ಲೇ ನಿಲ್ಲಿ ಎಂದು ಮರಿಯಾ ಬೆಳಿಗ್ಗೆ ಸಾರಿ ಹೇಳಿದ್ದಳು. ಆದರೆ ಅಪ್ಪ ಚಿಕ್ಕಂದಿನಲ್ಲಿ ಕಲಿಸಿದ್ದೇ ಬೇರೆ. ದಾರಿ ತಪ್ಪಿದರೆ ದನ ಕುರಿ ಹೋದ ಕಡೆ ಹೋಗು, ಅವು ನೀರಿಗೆ ಹೋಗುತ್ತವೆ, ನೀರಿದ್ದಲ್ಲಿ ಊರಿರುತ್ತದೆ. ಪದವಿ ಪಡೆದ ಬುದ್ಧಿ ನಿಲ್ಲು ಎಂದಿತು, ಕಾಲು ಗಂಟೆಯ ಹಿಂದೆ ಹೋಯಿತು. ಸೆಗಣಿ ಕಂಡಾಗ ಊರೇ ಕಂಡಷ್ಟು ಸಂತೋಷ. ಇಳಿದೆ, ಇನ್ನೂ ಇಳಿದೆ. ದನ ನೀರಿಗೇ ಕರೆದೊಯ್ದವು. ಕಲ್ಲುಗೋಡೆಯ ಮಗ್ಗುಲಿಗೆ ಒಂದು ಸಿಮೆಂಟಿನ ತೊಟ್ಟಿ. ಊರು ಇಲ್ಲ. ಆ ಪರ್ವತದ ಮೇಲೆ ಹಳ್ಳವೂ ಹರಿಯುವುದಿಲ್ಲ, ಮಳೆಯೆಲ್ಲ ತೂತಿನ ಕಲ್ಲಿನೊಳಗೆ ಇಳಿದುಹೋಗುತ್ತದೆ. ಅದನ್ನು ನಾನೇ ಕ್ಲಾಸಿನಲ್ಲಿ ಕಲಿಸುತ್ತೇನೆ. ದನಕ್ಕೆ ಮನುಷ್ಯರು ತುಂಬಿಸಿಟ್ಟ ನೀರು ಅದು.

ದನಗಳು ನೀರು ಕುಡಿದು ನನ್ನನ್ನು ನೋಡುತ್ತ ನಿಂತವು. ನಾನು ತೊಟ್ಟಿಯ ಅಂಚಿಗೆ ಕೂತೆ. ಫೋನಿಗೆ ಸಿಗ್ನಲ್ ಇಲ್ಲ. ಚಳಿಗೆ ಹಲ್ಲು ಕಟಕಟಿಸುತ್ತಿದ್ದವು. ಆಗ ನನ್ನ ಕಣ್ಣಿಗೆ ಬಂದದ್ದು ಪ್ರಮಾಣಪತ್ರವೂ ಅಲ್ಲ, ಕಾಲೇಜೂ ಅಲ್ಲ. ರೊಟ್ಟಿ ಬುಟ್ಟಿ, ಅದರ ಮೇಲೆ ಅತ್ತಿಯ ಕೈ. ಒಬ್ಬ ಹೆಂಗಸಿಗೆ ಇದು ಎರಡನೇ ಸಲ ಆಗಬಾರದು.

ಎದ್ದು ನಿಂತು ಕೂಗಿದೆ. ಇಂಗ್ಲಿಷಿನಲ್ಲಿ ಹೆಲ್ಪ್ ಅಂತಲ್ಲ, ಅಂಥ ಮಾತು ಗಂಟಲವರೆಗೂ ಬರಲಿಲ್ಲ. ಬಂದದ್ದು ಗಾಯರಾಣಿನ ಕೂಗು. ಹುರ್ರ್ ಹೋ ಎಂದು ನಾಭಿಯಿಂದ ಎದ್ದು ಮಂಜನ್ನು ಸೀಳಿಕೊಂಡು ಹೋಯಿತು. ಬೆಂಚಿನ ಹತ್ತಿರ ತರದೆ ಇಷ್ಟು ವರ್ಷ ಒಳಗಿಟ್ಟಿದ್ದರೂ ತುಕ್ಕು ಹಿಡಿದಿರಲಿಲ್ಲ. ದನಗಳು ಬೆಚ್ಚಿ ಕಿವಿ ನಿಗುರಿಸಿದವು, ಆಮೇಲೆ ಒಂದೊಂದೇ ನನ್ನ ಹತ್ತಿರ ಬಂದವು. ಭಾಷೆ ಗೊತ್ತಿರುವವರಂತೆ. ಅವುಗಳ ಮೈಬಿಸಿಗೆ ಆತುಕೊಂಡು ಗಂಟಲು ಬೀಳುವವರೆಗೆ ಕೂಗಿದೆ. ಕೊನೆಗೆ ಮಂಜಿನೊಳಗಿನಿಂದ ಮರಿಯಾಳ ಸೀಟಿ ಕೇಳಿತು, ಸ್ವಲ್ಪ ಹೊತ್ತಿಗೆ ಮರಿಯಾ ಕಂಡಳು. ಬೈಯುತ್ತಾಳೆ ಎಂದುಕೊಂಡೆ. ತೊಟ್ಟಿಯ ನೀರಲ್ಲಿ ಮುಖ ತೊಳೆದುಕೊಂಡು, ದನ ಕಾಯುವವರ ಮಗಳು ನಾನೂ, ಆದರೆ ನಮಗೆ ಇಂಥ ಕೂಗು ಇಲ್ಲ, ಎಂದಳು. ಆಮೇಲೆ ಬೈದಳು. ಇಳಿಯುವ ದಾರಿಯುದ್ದಕ್ಕೂ ಬೈದಳು. ನನ್ನನ್ನು ತನ್ನ ಮುಂದೆ ನಡೆಸಿದಳು.

ಶಿಬಿರದ ಕೊನೆಯ ದಿನ ದಪ್ಪ ಕಾಗದದ ಪ್ರಮಾಣಪತ್ರ ಕೊಟ್ಟರು. ಚಪ್ಪಾಳೆ ಬಿತ್ತು. ನನ್ನ ಎದೆಯ ಭಾರ ಇನ್ನೂ ಇಳಿದಿರಲಿಲ್ಲ. ಮತ್ತೆ ಹಡಗು, ಮತ್ತೆ ವಿಮಾನ. ಸೊಲ್ಲಾಪುರ ರಸ್ತೆಯಲ್ಲಿ ಬಸ್ಸಿಳಿದಾಗಲೂ ಇಳಿಯಲಿಲ್ಲ. ಡೋಣಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕಣ್ಣು ಮುಚ್ಚಿಕೊಂಡೆ, ಅದೇ ನಾನು.

ಅತ್ತಿ ಒಲೆಯ ಮುಂದಿದ್ದಳು. ಮೋತ್ಯಾ ಎದ್ದು ಬರಲೂ ಆಲಸ್ಯಪಡುವಷ್ಟು ಉಬ್ಬಿದ್ದ. ಅತ್ತಿ ನನ್ನನ್ನು ತಲೆಯಿಂದ ಕಾಲವರೆಗೆ ನೋಡಿ, ಮತ್ತೆ ಹಂಚಿನ ಕಡೆ ತಿರುಗಿದಳು. ಅಪ್ಪ ಕಾಗದ ತಗಿ, ತಗಿ ಎಂದ. ನಾನು ಪ್ರಮಾಣಪತ್ರ ತೆಗೆದು ಅವಳ ಕೈಗೇ ಕೊಟ್ಟೆ. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡೂ ಅಂಚು ಹಿಡಿದಳು. ಓದು ಬಾರದ ಕಣ್ಣು ಸಾಲಿನಿಂದ ಸಾಲಿಗೆ ನಿಧಾನ ಹೋಯಿತು.

"ಏನ್ ಬರದಾರ ಇದರಾಗ?"

ಮೂರು ದ್ವೀಪ ತಿರುಗಿದಳು, ಪರ್ವತ ಹತ್ತಿದಳು ಎಂದು ಬರೆದಿದ್ದಾರೆ ಎಂದೆ.

"ತಿರುಗಿ ಬಂದ್ಲು ಅಂತ ಬರದಾರೇನು?"

"ಇಲ್ಲತ್ತಿ."

"ಹಂಗಾದ್ರ ಅರ್ಧಾ ಬರದಾರ." ಕಾಗದವನ್ನು ಮಡಿಲಲ್ಲಿಟ್ಟುಕೊಂಡು, ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದಳು. "ಉಳಿದರ್ಧ ನಾ ಹೇಳ್ತೇನಿ ಕೇಳು. ನಾಳಿ ಮುಂಜಾನಿ ನಾಯಿಗೆ ರೊಟ್ಟಿ ಇಲ್ಲ."